ಒಡವೆ, ಮುಯ್ಯಿ, ಅರಿಶಿನದ ನೀರು: ದೊಡ್ಡ ಮದುವೆಯಲ್ಲಿ ಕ್ಯಾಮೆರಾ ಎಲ್ಲಿ ಇಳಿಯಬೇಕು

ದಾವಣಗೆರೆಯ ಯಾವುದಾದರೂ ದೊಡ್ಡ ಮದುವೆಯಲ್ಲಿ ನಿಂತು ಕ್ಯಾಮೆರಾ ಹಿಡಿದವರನ್ನು ಎಣಿಸಿ. ಸಾಂಪ್ರದಾಯಿಕ ಫೋಟೊಗೆ ಒಬ್ಬರು, ವಿಡಿಯೊಗೆ ಒಬ್ಬರು, ಕ್ಯಾಂಡಿಡ್‌ಗೆ ಬೇರೆ, ಸಿನಿಮ್ಯಾಟಿಕ್‌ಗೆ ಬೇರೆ, ಡ್ರೋನಿಗೆ ಒಬ್ಬ, ಎಲ್‌ಇಡಿ ಪರದೆಗೆ ಯಾವ ಕ್ಯಾಮೆರಾದ ಚಿತ್ರ ಎಂದು ಆರಿಸುವ ಮಿಕ್ಸರ್ ಮುಂದೆ ಒಬ್ಬ, ಲೈಟ್ ಹಿಡಿಯುವ ಹುಡುಗ. ಈಗ ಇವರ ಮೇಲೆ ರೀಲ್ಸ್‌ಗೆಂದೇ ಐಫೋನ್ ಹಿಡಿದು ಓಡಾಡುವವರು. ಇವರಲ್ಲಿ ಸ್ಟುಡಿಯೊದಿಂದ ತಿಂಗಳ ಸಂಬಳ ತಗೊಳ್ಳುವವರು ಇಬ್ಬರಿದ್ದರೆ ಹೆಚ್ಚು. ಉಳಿದವರು ದಿನದ ಲೆಕ್ಕಕ್ಕೆ ಹರಿಹರ, ರಾಣೆಬೆನ್ನೂರು, ಚಿತ್ರದುರ್ಗದಿಂದ ಬಂದವರು. ಮದುವೆ ಮನೆಯವರು "ನಮ್ಮನೆ ಹೆಣ್ಮಕ್ಕಳ ಫೋಟೊ ಎಲ್ಲೂ ಹಾಕಬ್ಯಾಡ್ರಿ" ಅಂದದ್ದು ಸ್ಟುಡಿಯೊ ಮಾಲೀಕರ ಕಿವಿಗೆ ಮಾತ್ರ. ಉಳಿದವರಿಗೆ ಆ ಮಾತು ತಲುಪಿತೇ ಎಂದು ಯಾರೂ ವಿಚಾರಿಸುವುದಿಲ್ಲ.

ಖಾಸಗಿತನ ಅಂದ ಕೂಡಲೇ ಜನ ಫೋಟೊ ತೆಗೆಯುವವನ ಕಣ್ಣಿನ ಬಗ್ಗೆ ಯೋಚಿಸುತ್ತಾರೆ. ಅದೂ ಮುಖ್ಯವೇ. ಆದರೆ ಗುಟ್ಟು ರಟ್ಟಾಗುವುದು ಹೆಚ್ಚಾಗಿ ಬೀಗರ ಊಟವೂ ಮುಗಿದು ಚಪ್ಪರ ಬಿಚ್ಚಿದ ಮೇಲೆ. ಕಾರ್ಡಿನಿಂದ ಡಿಸ್ಕಿಗೆ, ಡಿಸ್ಕಿನಿಂದ ಎಡಿಟರ್ ಕೈಗೆ, ಅಲ್ಲಿಂದ ಆಲ್ಬಂ ಡಿಸೈನರ್‌ಗೆ, ಲ್ಯಾಬಿಗೆ, ಕೊನೆಗೆ ಯಾರೋ ಕಳಿಸಿದ ಡ್ರೈವ್ ಲಿಂಕಿಗೆ. ಇಷ್ಟು ಕೈ ದಾಟುವ ಹೊತ್ತಿಗೆ ಆರೆಂಟು ವಾರ ಕಳೆದಿರುತ್ತದೆ. ಲಕ್ಷಗಟ್ಟಲೆ ಕೊಟ್ಟು ಫೋಟೊ ತೆಗೆಸುವವರು ಕೇಳಬೇಕಾದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಈ ವಾರಗಳಿಗೆ ಸೇರಿದವು.

ಮೊದಲು ಹಕ್ಕಿನ ವಿಚಾರ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಯಾರು ಫೋಟೊ ಅಥವಾ ಚಿತ್ರ ತೆಗೆಸುತ್ತಾರೋ ಅವರೇ ಅದರ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ. ಆ ಕೊನೆಯ ಮಾತಿನಲ್ಲೇ ಎಡವಟ್ಟಿರುವುದು. ಅಮೆರಿಕದಲ್ಲಿ ಹಕ್ಕು ಸಾಮಾನ್ಯವಾಗಿ ಫೋಟೊಗ್ರಾಫರದು. ಅಲ್ಲಿಯ ಒಪ್ಪಂದದ ನಮೂನೆಯನ್ನು ಇಂಟರ್‌ನೆಟ್ಟಿನಿಂದ ಇಳಿಸಿ, ಹೆಸರು ಬದಲಿಸಿ ಇಲ್ಲಿ ಸಹಿ ಹಾಕಿಸುತ್ತಾರೆ. "ಎಲ್ಲ ಹಕ್ಕೂ ಸ್ಟುಡಿಯೊದ್ದು" ಎಂಬ ಸಾಲು ಮೂರನೇ ಪುಟದ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸಹಿ ಬಿದ್ದರೆ ಕಾಯ್ದೆ ಕೊಟ್ಟ ಹಕ್ಕು ಕೈಬಿಟ್ಟ ಹಾಗೆ. ಆಮೇಲೆ "ಫೋಟೊ ಹಾಕದೇ ಇರೋದಕ್ಕೆ ಇಷ್ಟು ಎಕ್ಸ್‌ಟ್ರಾ ಆಗುತ್ತೆ ಸರ್" ಎಂಬ ಮಾತು ಬರುತ್ತದೆ. ನಿಮ್ಮದೇ ಹಕ್ಕನ್ನು ನಿಮಗೇ ಮಾರುವ ವ್ಯಾಪಾರ ಇದು. ಜಾಹೀರಾತಿಗೆ ಫೋಟೊ ಸಿಗದಿದ್ದರೆ ಸ್ಟುಡಿಯೊಗೆ ನಷ್ಟವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಹಾಗಿದ್ದರೆ ಒಪ್ಪಿಗೆ ಕೊಟ್ಟವರಿಗೆ ರಿಯಾಯಿತಿ ಕೊಡಲಿ.

ಒಪ್ಪಂದದಲ್ಲಿ ಬರೆಸಬೇಕಾದದ್ದು ಉದ್ದವೇನಿಲ್ಲ. ಹಕ್ಕು ಯಾರದು. ಯಾವ ಯಾವ ಕಾರ್ಯದ ಫೋಟೊ ಹೊರಗೆ ಹಾಕಬಹುದು, ಯಾವುದು ಕೂಡದು. ಹಾಕುವ ಮೊದಲು ಪ್ರತಿ ಫೋಟೊಗೂ ಯಾರ ಒಪ್ಪಿಗೆ ಬೇಕು, ಬರಹದಲ್ಲೋ ವಾಟ್ಸಾಪಿನಲ್ಲೋ. ಹೊರಗಿನಿಂದ ಬರುವ ಪ್ರತಿಯೊಬ್ಬರ ಹೆಸರು ಮತ್ತು ಸಹಿ. ಮೂಲ ಫೈಲುಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾವ ತಾರೀಖಿಗೆ ಅಳಿಸುತ್ತಾರೆ. ಗಂಡಿನ ಕಡೆ, ಹೆಣ್ಣಿನ ಕಡೆ ಬೇರೆ ಬೇರೆ ಸ್ಟುಡಿಯೊ ಹಿಡಿದಿದ್ದರೆ ಎರಡೂ ಒಪ್ಪಂದದಲ್ಲಿ ಒಂದೇ ಷರತ್ತು ಇರಬೇಕು. ಒಂದು ಕಡೆ ಬಾಗಿಲು ಹಾಕಿ ಇನ್ನೊಂದು ಕಡೆ ತೆರೆದಿಟ್ಟರೆ ಏನು ಬಂತು?

ದಾವಣಗೆರೆಯಂಥ ಊರಿಗೆ ಇನ್ನೊಂದು ತೊಡಕಿದೆ. "ಮುಖ ಕಾಣದ ಹಾಗೆ ಹಾಕಿದ್ದೀವಲ್ಲ" ಅನ್ನುತ್ತಾರೆ. ಪಿ.ಜೆ. ಬಡಾವಣೆಯವರೂ ಎಂ.ಸಿ.ಸಿ. ಬ್ಲಾಕಿನವರೂ ಒಂದಲ್ಲ ಒಂದು ಕೊಂಡಿಯಲ್ಲಿ ಬೀಗರಾಗಿರುವ ಊರಿನಲ್ಲಿ ಮುಖ ಬೇಕೇ ಇಲ್ಲ. ಸೊಂಟದ ಡಾಬು ನೋಡಿ ಯಾರ ಮನೆಯದು ಎಂದು ಹೇಳುವ ಅಜ್ಜಿಯರಿದ್ದಾರೆ. ಸೀರೆ, ಚಪ್ಪರದ ಹೂವಿನ ಅಲಂಕಾರ, ಹಿಂದೆ ನಿಂತ ಕಾರಿನ ನಂಬರ್, ಅಷ್ಟೇ ಸಾಕು. ಸ್ಟುಡಿಯೊದ ಟೇಬಲ್ ಮೇಲಿನ ಸ್ಯಾಂಪಲ್ ಆಲ್ಬಂ ಇದೇ ಕಾರಣಕ್ಕೆ ಅಪಾಯ. ಅದು ಯಾರದೋ ನಿಜವಾದ ಮದುವೆಯ ಎಂಬತ್ತು ಪುಟ. ಮುಂದಿನ ಗಿರಾಕಿ ಪುಟ ತಿರುವುತ್ತಾ "ಇವರು ನಮ್ಮ ಸಣ್ಣತ್ತೆ ಕಡೆಯೋರಲ್ಲೇನ್ರಿ?" ಅನ್ನುವುದು ಹೊಸದೇನಲ್ಲ. ಸ್ಯಾಂಪಲ್ಲಿಗೆ ಒಪ್ಪಿಗೆ ಕೊಡುವವರು ಅದನ್ನು ಬೇರೆಯಾಗಿಯೇ ಬರೆದು ಕೊಡಬೇಕು.

ಇನ್ನು ಮದುವೆಯ ದಿನ. ಅಲಂಕಾರದ ಕೋಣೆಯಿಂದ ಶುರು ಮಾಡೋಣ. ಸೀರೆ ಉಟ್ಟು, ಸೆರಗು ಪಿನ್ ಆದ ಮೇಲೆಯೇ ಕ್ಯಾಮೆರಾ ಒಳಗೆ ಹೋಗಬೇಕು. ನೆರಿಗೆ ಸರಿಪಡಿಸುವ, ಬಳೆ ತೊಡಿಸುವ, ಜಡೆಗೆ ಹೂ ಮುಡಿಸುವ ಫೋಟೊಗಳನ್ನು ಆಮೇಲೆ ಮತ್ತೊಮ್ಮೆ ಮಾಡಿಸಿ ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ಒಳಗೆ ಹೋಗುವವರು ಹೆಣ್ಣುಮಗಳಾಗಿರಲಿ, ಲೈಟ್ ಹಿಡಿಯುವವರೂ. ಇಲ್ಲಿ ತಪ್ಪುವುದು ಕನ್ನಡಿಯಿಂದ. ಮದುಮಗಳ ಮೇಲೆ ಫೋಕಸ್ ಇಟ್ಟಾಗ ಹಿಂದಿನ ಕನ್ನಡಿಯಲ್ಲಿ ಬಟ್ಟೆ ಬದಲಿಸುತ್ತಿರುವ ಚಿಕ್ಕಮ್ಮ ಬಿದ್ದಿರುತ್ತಾರೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಕಾಣದು, ಹನ್ನೆರಡು ಇಂಚಿನ ಪುಟದಲ್ಲಿ ಕಾಣುತ್ತದೆ. ಕನ್ನಡಿಗೆ ಓರೆಯಾಗಿ ನಿಂತು, ಕನ್ನಡಿಯಲ್ಲಿ ಗೋಡೆ ಮಾತ್ರ ಕಾಣುವ ಜಾಗ ಹುಡುಕಿಕೊಂಡು ಆಮೇಲೆ ಕ್ಲಿಕ್ ಮಾಡಬೇಕು. ಕೋಣೆಗೆ ಸಿಸಿಟಿವಿ ಇದೆಯೇ ಎಂದು ಛಾವಣಿಯ ಮೂಲೆಗಳನ್ನು ಒಮ್ಮೆ ನೋಡುವುದೂ ಆ ತಂಡದ ಕೆಲಸವೇ. ಫೋಟೊದವರಿಗೆ ಇಷ್ಟೆಲ್ಲ ಕಟ್ಟುಪಾಡು ಹಾಕಿ, ಮೇಕಪ್‌ನವರು ರಿಂಗ್ ಲೈಟಿಗೆ ಸಿಕ್ಕಿಸಿದ ಮೊಬೈಲನ್ನು ಎಲ್ಲರೂ ಮರೆಯುತ್ತಾರೆ. ಆ ಮೊಬೈಲಿನ 'ಬಿಫೋರ್-ಆಫ್ಟರ್' ವಿಡಿಯೊ ಧಾರೆಗೂ ಮೊದಲೇ ಇನ್‌ಸ್ಟಾಗ್ರಾಂ ಸೇರಿರುತ್ತದೆ. ಅವರ ಜೊತೆಗೂ ಅದೇ ಷರತ್ತಿನ ಒಂದು ಪುಟ ಬೇಕು.

ಬಟ್ಟೆ ಬದಲಿಸುವುದನ್ನು ಕದ್ದು ತೆಗೆಯುವುದಂತೂ ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಒಪ್ಪಿಗೆಯಿಲ್ಲದೆ ದೇಹದ ಖಾಸಗಿ ಭಾಗದ ಚಿತ್ರ ತೆಗೆದರೆ, ಹಂಚಿದರೆ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಕೂಡ ಇದಕ್ಕೇ ಇದೆ. ಮೊದಲ ಸಲವೇ ಕನಿಷ್ಠ 1 ವರ್ಷ. ಹೆಣ್ಣುಮಗಳು ತೆಗೆಯಲು ಒಪ್ಪಿ ಹಂಚಲು ಒಪ್ಪದಿದ್ದರೂ, ಹಂಚಿದ್ದು ಅಪರಾಧವೇ. ದಿನಗೂಲಿಗೆ ಬಂದ ಹುಡುಗರಿಗೆ ಈ ಒಂದು ಸಾಲನ್ನು ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಹೇಳಿಬಿಟ್ಟರೆ ಸಾಕು.

ಅರಿಶಿನ ಶಾಸ್ತ್ರ ಮತ್ತು ಸುರಗಿ ನೀರು ಈಗ ರೀಲ್ಸ್‌ಗೆ ಹೇಳಿ ಮಾಡಿಸಿದ ಹಾಗೆ ಆಗಿವೆ. ಅರಿಶಿನ ಹಚ್ಚುವವರೆಗೆ ತೊಂದರೆಯಿಲ್ಲ. ತಂಬಿಗೆ ನೀರು ತಲೆ ಮೇಲೆ ಬಿದ್ದ ಕ್ಷಣದಿಂದ ಬಟ್ಟೆ ಮೈಗೆ ಅಂಟುತ್ತದೆ, ತಿಳಿ ಹಳದಿ, ಬಿಳಿ ಬಟ್ಟೆಯಾದರೆ ಇನ್ನೂ. ಸೆಕೆಂಡಿಗೆ 120 ಫ್ರೇಮಿನಲ್ಲಿ ತೆಗೆದ ಸ್ಲೋ ಮೋಷನ್ ಕಣ್ಣಿಗೆ ಕಾಣದ್ದನ್ನೂ ಐದು ಸೆಕೆಂಡು ಎಳೆದು ತೋರಿಸುತ್ತದೆ. ನೀರು ಬೀಳುವ ಮೊದಲ ತಂಬಿಗೆಗೆ ಭುಜದ ಮೇಲಿನ ಫ್ರೇಮ್ ತೆಗೆದುಕೊಳ್ಳಿ, ಹನಿ ಸಿಡಿಯುವುದು ಹೇಗೂ ಅಲ್ಲೇ ಚೆಂದ. ಎರಡನೇ ತಂಬಿಗೆಗೆ ಕ್ಯಾಮೆರಾ ನೀರು ಹಾಕುವ ಮುತ್ತೈದೆಯರ ಕಡೆ ತಿರುಗಲಿ. ದಪ್ಪ ಟವೆಲ್ಲೋ ಶಾಲೋ ಹಿಡಿದ ಒಬ್ಬ ಅಕ್ಕ ಪಕ್ಕದಲ್ಲೇ ನಿಂತಿರಲಿ. ಆ ಹೊತ್ತಿನಲ್ಲಿ ಎಲ್‌ಇಡಿ ಪರದೆಗೆ ಹೋಗುವ ಸಿಗ್ನಲ್ ಕಡಿತವಾಗಿರಬೇಕು.

ಪರದೆಯ ಮಾತು ಬಂತು. ವಿಡಿಯೊ ಕ್ಯಾಮೆರಾದ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದ ವೈರ್‌ಲೆಸ್ ಟ್ರಾನ್ಸ್‌ಮಿಟರ್, ರೆಕಾರ್ಡ್ ಬಟನ್ ಒತ್ತದಿದ್ದರೂ ಕ್ಯಾಮೆರಾ ನೋಡುತ್ತಿರುವುದನ್ನೆಲ್ಲ ಕಳಿಸುತ್ತಲೇ ಇರುತ್ತದೆ. ಕ್ಯಾಮೆರಾದವನು "ರೆಕಾರ್ಡ್ ನಿಲ್ಲಿಸಿದೆ" ಎಂದುಕೊಂಡು ಹೆಣ್ಣಿನ ಕೋಣೆಗೆ ಕಾಲಿಟ್ಟರೆ, ಮಿಕ್ಸರ್‌ನವನು ಎಚ್ಚರ ತಪ್ಪಿದರೆ, ಇಡೀ ಸಭಾಂಗಣಕ್ಕೆ ಕೋಣೆ ಕಾಣುತ್ತದೆ. ಪರಿಹಾರ ಸುಲಭ: ಮಂಟಪ ಬಿಟ್ಟು ಕದಲುವ ಯಾವ ಕ್ಯಾಮೆರಾಕ್ಕೂ ಟ್ರಾನ್ಸ್‌ಮಿಟರ್ ಬೇಡ. ಪರದೆಗೆ ಸ್ಟ್ಯಾಂಡಿನ ಮೇಲಿನ ಒಂದೇ ಕ್ಯಾಮೆರಾ ಸಾಕು.

ಇದಕ್ಕಿಂತ ಹೆಚ್ಚು ಜನ ಮೋಸ ಹೋಗುವುದು ಶೇರ್ವಾನಿಗೆ ಸಿಕ್ಕಿಸುವ ಕಾಲರ್ ಮೈಕಿನಲ್ಲಿ. ರಿಸೀವರ್ ಆಫ್ ಮಾಡಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಈಗಿನ ಡಿಜೆಐ, ರೋಡ್ ಕಂಪನಿಗಳ ಕೆಲವು ಮೈಕುಗಳ ಟ್ರಾನ್ಸ್‌ಮಿಟರ್ ಒಳಗೇ ಮೆಮೊರಿ ಇದೆ. ಅದು ತನ್ನಷ್ಟಕ್ಕೆ ರೆಕಾರ್ಡ್ ಮಾಡಿಕೊಳ್ಳುತ್ತದೆ. ಮದುಮಗ ಬಾತ್‌ರೂಮಿಗೆ ಹೋದದ್ದು, ಮಾವನವರು ಕಿವಿಯಲ್ಲಿ ಲೆಕ್ಕ ಹೇಳಿದ್ದು, ಊಟದ ಮನೆಯಲ್ಲಿ ಯಾರೋ ಯಾರನ್ನೋ ಬೈದದ್ದು, ಎಲ್ಲವೂ ಎಡಿಟರ್ ಹೆಡ್‌ಫೋನಿಗೆ. ಹೆಣ್ಣು ಒಪ್ಪಿಸಿಕೊಡುವಾಗ ತಾಯಿ ಮಗಳು ಅಳುತ್ತಾ ಆಡುವ ಮಾತೂ ಅದರಲ್ಲೇ. ಧಾರೆ ಮುಗಿದು ಮಂತ್ರ ನಿಂತ ಕೂಡಲೇ ಮೈಕನ್ನು ಬಿಚ್ಚಿಕೊಳ್ಳಬೇಕು, ಆಫ್ ಮಾಡಿದರೆ ಸಾಲದು. ಒಳಗಿನ ಮೆಮೊರಿಯನ್ನೂ ಅವತ್ತೇ ಖಾಲಿ ಮಾಡಬೇಕು.

ಒಡವೆ ಫೋಟೊ ಎಲ್ಲರಿಗೂ ಬೇಕು. ಕೆಂಪು ರೇಷ್ಮೆಯ ಮೇಲೆ ಕಾಸಿನ ಸರ, ವಂಕಿ, ಡಾಬು, ಪಕ್ಕದಲ್ಲಿ ಲಗ್ನಪತ್ರಿಕೆ. ಆ ಲಗ್ನಪತ್ರಿಕೆಯ ಮೇಲೆ ಮನೆಯ ವಿಳಾಸ, ಬಾಗಿಲು ನಂಬರ್ ಸಮೇತ. ಮನೆಗೆ ಬೀಗ ಹಾಕಿ ಎಲ್ಲರೂ ಕಲ್ಯಾಣ ಮಂಟಪದಲ್ಲಿರುವ ದಿನವೂ ಅದರಲ್ಲೇ ಅಚ್ಚಾಗಿದೆ. ಈ ಫೋಟೊ ಅವತ್ತೇ ಸ್ಟೇಟಸ್ಸಿಗೆ ಹೋದರೆ ಕಳ್ಳರಿಗೆ ಬೇರೆ ಮಾಹಿತಿ ಬೇಕಿಲ್ಲ. ಪತ್ರಿಕೆ ಮಡಚಿ ಹೆಸರಷ್ಟೇ ಕಾಣುವ ಹಾಗೆ ಇಡಿ, ಒಡವೆ ಲಾಕರಿಗೆ ಹೋದ ಮೇಲೆ ಬೇಕಾದರೆ ಹಾಕಿ. ಮೊಬೈಲಿನಲ್ಲಿ ತೆಗೆದ ಫೋಟೊಗೆ ಜಾಗದ ಗುರುತೂ ಅಂಟಿರುತ್ತದೆ. ವಾಟ್ಸಾಪಿನಲ್ಲಿ ಮಾಮೂಲಾಗಿ ಕಳಿಸಿದರೆ ಅದು ಅಳಿಸಿ ಹೋಗುತ್ತದೆ, 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಒಳ್ಳೆಯ ಕ್ವಾಲಿಟಿ ಬೇಕೆಂದು ಎಲ್ಲರೂ ಡಾಕ್ಯುಮೆಂಟ್ ಆಗಿಯೇ ಕಳಿಸುವುದು. ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮಿನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಜಾಗದ ಮತ್ತು ವ್ಯಕ್ತಿಗಳ ಹೆಸರಿನ ಮಾಹಿತಿ ತೆಗೆದುಹಾಕುವ ಆಯ್ಕೆಗಳಿವೆ, ಎರಡಕ್ಕೂ ಟಿಕ್ ಹಾಕಬೇಕು.

ಮುಯ್ಯಿ ಟೇಬಲ್ಲಿನ ಹತ್ತಿರ ಇನ್ನೂ ನಾಜೂಕು. ಯಾರು ಎಷ್ಟು ಬರೆಸಿದರು ಎಂಬುದು ಎರಡು ಮನೆಯ ನಡುವಿನ ಮಾತು. 45 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ 85 ಎಂ.ಎಂ. ಲೆನ್ಸ್ ಹಾಕಿ ಮೂರು ಮೀಟರ್ ದೂರದಿಂದ ತೆಗೆದರೂ ಪುಸ್ತಕದ ಅಕ್ಷರ ಹಿಗ್ಗಿಸಿ ಓದಬಹುದು. ಕವರ್ ಕೊಡುವ ಕೈ, ಕೊಡುವವರ ನಗು ಸಾಕು. ಪುಸ್ತಕ ಫ್ರೇಮಿನ ಕೆಳಗೆ ಉಳಿಯಲಿ.

ವರನಿಗೆ ಕಾರಿನ ಕೀಲಿ ಕೊಡುವುದು, ಪಾತ್ರೆ ಸಾಮಾನು ಜೋಡಿಸಿಟ್ಟದ್ದು, ಇಂಥವನ್ನು ಫೋಟೊಗೆಂದು ಮತ್ತೊಮ್ಮೆ ಮಾಡಿಸಬಾರದು. ನಡೆದದ್ದನ್ನು ತೆಗೆದಿದ್ದರೆ, ಆಮೇಲೆ ಒಂದು ಕಡೆಯವರು ಬಂದು ಅಳಿಸಿ ಎಂದಾಗ ಗುಟ್ಟಾಗಿ ಅಳಿಸಲೂ ಬಾರದು. ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದ ಇದೆ, ಮದುವೆಯ ವಿಡಿಯೊ ಸಾಕ್ಷಿಯಾಗಿ ನ್ಯಾಯಾಲಯಕ್ಕೆ ಬರುವುದೂ ಉಂಟು. ಜಗಳ ಶುರುವಾಗಿದೆ ಎಂದು ಗೊತ್ತಾದ ಮೇಲೆ ಅಳಿಸುವ ತಾರೀಖನ್ನು ತಡೆಹಿಡಿದು, ವಕೀಲರನ್ನು ಕೇಳಿ, ಯಾರಿಗೂ ಬಾಯಿಮಾತಿಗೆ ಪ್ರತಿ ಕೊಡದೆ ಇರುವುದೇ ಸರಿ.

ಹೆಂಗಸರ ಭಾಗ ಬೇರೆಯೇ ಇರುವ ಮುಸ್ಲಿಂ ಮದುವೆಗಳಲ್ಲಿ ಮಹಿಳಾ ಫೋಟೊಗ್ರಾಫರ್ ಕೇಳುವುದು ಈಗ ರೂಢಿ. ಆದರೆ ಅಲ್ಲಿಗೇ ನಿಲ್ಲಿಸುತ್ತಾರೆ. ತೆಗೆದವರು ಹೆಣ್ಣುಮಗಳು, ಕಾರ್ಡ್ ಕಾಪಿ ಮಾಡಿದವನು ಹುಡುಗ, ಬಣ್ಣ ತಿದ್ದಿದವನು ಹುಡುಗ, ಆಲ್ಬಂ ಜೋಡಿಸಿದವನು ಇನ್ನೊಬ್ಬ. ಸರಪಳಿಯ ಒಂದು ಕೊಂಡಿ ಮಾತ್ರ ಗಟ್ಟಿ. ಆ ಭಾಗದ ಫೋಟೊಗೆ ಬೇರೆ ಕಾರ್ಡ್, ಬೇರೆ ಡಿಸ್ಕ್, ಮಹಿಳಾ ಎಡಿಟರ್. ಪ್ರಿಂಟ್ ಬೇಕಾದರೆ ದೊಡ್ಡ ಲ್ಯಾಬಿಗೆ ಕಳಿಸದೆ, ಮನೆಯವರೇ ಮುಂದೆ ಕೂತು ಸಣ್ಣ ಪ್ರಿಂಟರಿನಲ್ಲಿ ತೆಗೆಸುವುದು ಲೇಸು. ಹಿಂದೂ ಮದುವೆಯಲ್ಲೂ ಹೀಗೆ ಕೇಳುವವರಿದ್ದಾರೆ, ಕೇಳಿದರೆ ಮುಜುಗರಪಡಬೇಕಾದ್ದೇನೂ ಇಲ್ಲ.

'ಸದ್ದಿಲ್ಲದ ಶಟರ್' ಎಂದು ಹೇಳಿ ದುಡ್ಡು ಕೇಳುವುದು ನನಗೆ ನಗು ತರಿಸುತ್ತದೆ. ಡೋಲು, ನಾದಸ್ವರ, ಗಟ್ಟಿಮೇಳದ ನಡುವೆ ಶಟರ್ ಸದ್ದು ಯಾರಿಗೆ ಕೇಳಬೇಕು? ಅದರ ಮೇಲೆ, ಸದ್ದು ಮಾಡದ ಈ ಎಲೆಕ್ಟ್ರಾನಿಕ್ ಶಟರಿಗೆ ಮಂಟಪದ ಎಲ್‌ಇಡಿ ದೀಪದಡಿ ಪಟ್ಟೆ ಪಟ್ಟೆ ಬೀಳುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 1/50 ಅಥವಾ 1/100 ವೇಗದಲ್ಲಿ ಇಟ್ಟರೆ ಪಟ್ಟೆ ತಗ್ಗುತ್ತದೆ, ಓಡಾಡುವ ಮಕ್ಕಳು ಅಲುಗಿ ಬರುತ್ತಾರೆ. ನಿಜವಾಗಿ ಜನರಿಗೆ ಕಿರಿಕಿರಿಯಾಗುವುದು ಮುಖಕ್ಕೆ ಹೊಡೆಯುವ ವಿಡಿಯೊ ಲೈಟು, ಮತ್ತು ಮುಹೂರ್ತದ ಹೊತ್ತಿಗೆ ಮಂಟಪದ ಮುಂದೆ ಗೋಡೆಯ ಹಾಗೆ ನಿಲ್ಲುವ ಐದು ಬೆನ್ನುಗಳು. ಮಂಟಪದ ಮೇಲೆ ಹತ್ತಿರದಿಂದ ತೆಗೆಯುವ 24-70 ಲೆನ್ಸಿನ ಒಬ್ಬರೇ, ಅದೂ ಮಂಡಿಯೂರಿ. ಉಳಿದವರು ಮೂರನೇ ಸಾಲಿನಾಚೆಯಿಂದ, ದೂರದ್ದನ್ನು ಹತ್ತಿರ ತರುವ 70-200 ಲೆನ್ಸಿನಲ್ಲಿ. ಅಕ್ಕಿಕಾಳು ಹಾಕಲು ಬಂದವರಿಗೂ ಮದುಮಕ್ಕಳು ಕಾಣಬೇಕಲ್ಲ.

ಪ್ರಿ-ವೆಡ್ಡಿಂಗ್ ಬಗ್ಗೆ ಸ್ವಲ್ಪ. ಚಿತ್ರದುರ್ಗದ ಕೋಟೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯದು, ವೃತ್ತಿಪರ ಶೂಟಿಂಗಿಗೆ ಅನುಮತಿ ಬೇಕು. ಭಾನುವಾರ ಹೋದರೆ ನಿಮ್ಮ ಫೋಟೊಗಿಂತ ಪ್ರವಾಸಿಗರ ಮೊಬೈಲಿನಲ್ಲಿ ನಿಮ್ಮ ಫೋಟೊ ಹೆಚ್ಚು ಇರುತ್ತದೆ. ಡ್ರೋನ್ 250 ಗ್ರಾಂ ಮೀರಿದರೆ ದುಡ್ಡಿಗೆ ಹಾರಿಸುವವರಿಗೆ 2021ರ ಡ್ರೋನ್ ನಿಯಮದಂತೆ ಪೈಲಟ್ ಪ್ರಮಾಣಪತ್ರ ಬೇಕು. ಚಳ್ಳಕೆರೆಯ ಕಡೆ ಹುಲ್ಲುಗಾವಲು ಚೆಂದ ಕಾಣುತ್ತದೆ ಎಂದು ಹೋಗುವವರು, ಅಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಇದೆ ಎಂಬುದನ್ನು ನೆನಪಿಟ್ಟು, ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ಮೊದಲು ನೋಡಲಿ. ಊರೊಳಗಿನ ದಿಬ್ಬಣದ ಮೇಲೆ ಹಾರಿಸುವಾಗ ಪಕ್ಕದ ಮನೆಯ ತಾರಸಿಯಲ್ಲಿ ತಲೆ ಒಣಗಿಸಿಕೊಳ್ಳುವವರೂ ಚಿತ್ರಕ್ಕೆ ಬೀಳುತ್ತಾರೆ. ಅವರನ್ನು ಯಾರೂ ಮದುವೆಗೆ ಕರೆದಿರಲಿಲ್ಲ.

ಈಗ ಆ ಆರೆಂಟು ವಾರಗಳಿಗೆ ಬರೋಣ. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಗಂಟೆಗೆ 45 ಜಿಬಿ ತಿನ್ನುತ್ತದೆ. ಮೂರು ಕ್ಯಾಮೆರಾ ಆರಾರು ಗಂಟೆ ಓಡಿದರೆ 810 ಜಿಬಿ. ತಲಾ 30 ಎಂಬಿಯ ಐದು ಸಾವಿರ ರಾ (ಕ್ಯಾಮೆರಾದ ತಿದ್ದದ ಮೂಲ ಫೈಲಿನ) ಫೋಟೊ ಎಂದರೆ ಇನ್ನೂ 150. ಸುಮಾರು ಒಂದು ಟಿಬಿ ಆಯಿತು. 2 ಟಿಬಿಯ ಎರಡು ಡಿಸ್ಕ್, ಒಂದು ಸ್ಟುಡಿಯೊದಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ಎರಡಕ್ಕೂ ಫೋಟೊ ತುಂಬುವ ಮೊದಲೇ, ಪಾಸ್‌ವರ್ಡ್ ಇಲ್ಲದೆ ತೆರೆಯದ ಹಾಗೆ ಬೀಗ ಹಾಕಬೇಕು. ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್, ಇಲ್ಲದಿದ್ದರೆ ಪುಕ್ಕಟೆ ಸಿಗುವ ವೆರಾಕ್ರಿಪ್ಟ್. ಬಿಟ್‌ಲಾಕರ್ ಕೊಡುವ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಪಾಸ್‌ವರ್ಡ್ ಮರೆತು, ಇದೂ ಕಳೆದರೆ ಮದುವೆಯೇ ಹೋಯಿತು.

ಕ್ಯಾಮೆರಾದಲ್ಲಿ 'ಫಾರ್ಮ್ಯಾಟ್' ಒತ್ತಿದ ಕಾರ್ಡ್ ಖಾಲಿಯಾಗಿರುವುದಿಲ್ಲ. ಪಟ್ಟಿ ಅಳಿಸಿರುತ್ತದೆ, ಫೋಟೊ ಅಲ್ಲೇ ಇರುತ್ತದೆ. ರಿಕವರಿ ಸಾಫ್ಟ್‌ವೇರ್ ಹಾಕಿದರೆ ಹೊರಗೆ ಬರುತ್ತದೆ. ದಿನಗೂಲಿಗೆ ಬಂದವರು ತಮ್ಮದೇ ಕಾರ್ಡ್ ತಂದರೆ ಅವರ ಜೊತೆ ಮದುವೆಯೂ ಹೋಗುತ್ತದೆ. ಆದ್ದರಿಂದ ಕಾರ್ಡ್ ಸ್ಟುಡಿಯೊದ್ದೇ ಇರಲಿ, ನಂಬರ್ ಬರೆದು ಕೊಟ್ಟು, ಸಂಜೆ ಎಣಿಸಿ ತಗೊಳ್ಳಲಿ. ಎಸ್‌ಡಿ ಕಾರ್ಡಿನ ಮಾನದಂಡ ರೂಪಿಸುವ ಎಸ್‌ಡಿ ಅಸೋಸಿಯೇಷನ್ನಿನ ಫಾರ್ಮ್ಯಾಟರ್ ಸಾಫ್ಟ್‌ವೇರಿನಲ್ಲಿ 'ಓವರ್‌ರೈಟ್' ಎಂಬ ಆಯ್ಕೆ ಇದೆ, ನಿಧಾನ, ಆದರೆ ನಿಜವಾಗಿ ಅಳಿಸುತ್ತದೆ. ಕ್ಯಾಮೆರಾದ ಎರಡನೇ ಸ್ಲಾಟಿನಲ್ಲಿ ಬ್ಯಾಕಪ್ ಆಗುವ ಕಾರ್ಡನ್ನು ಎಣಿಕೆಯಲ್ಲಿ ಬಿಡುವುದು ಸಾಮಾನ್ಯ ತಪ್ಪು.

ಫೋಟೊ ಆರಿಸುವಾಗ ಮೂರು ಬಣ್ಣ. ಹಸಿರು: ಹೊರಗೆ ಹಾಕಬಹುದು. ಹಳದಿ: ನೆಂಟರಿಗೆ. ಕೆಂಪು: ಮನೆಯವರಿಗೆ ಮಾತ್ರ. ತೆಗೆದ ಕ್ಷಣದಲ್ಲೇ ಕ್ಯಾಮೆರಾದ ರೇಟಿಂಗ್ ಬಟನ್ನಿನಿಂದ ಒಂದು ಸ್ಟಾರ್ ಹಾಕಿದರೆ ಅದು ಲೈಟ್‌ರೂಮಿಗೂ ಬರುತ್ತದೆ. 'ಒಂದು ಸ್ಟಾರ್ ಅಂದರೆ ಕೆಂಪು' ಎಂದು ತಂಡಕ್ಕೆಲ್ಲ ಗೊತ್ತಿದ್ದರೆ ಕೆಲಸ ಹಗುರ. ಹೊರಗಿನ ಎಡಿಟರ್‌ಗೆ ಕೆಂಪು ಹೋಗಲೇಬಾರದು. ಉಳಿದದ್ದಕ್ಕೂ ಮೂಲ ಫೈಲ್ ಬೇಡ, ಲೈಟ್‌ರೂಮ್ ಮಾಡಿಕೊಡುವ ಸಣ್ಣ ಪ್ರತಿ 'ಸ್ಮಾರ್ಟ್ ಪ್ರಿವ್ಯೂ' ಸಾಕು. ಉದ್ದದ ಬದಿ 2560 ಪಿಕ್ಸೆಲ್ಲಿನ ಚಿತ್ರ ಅದು. ಬಣ್ಣ ತಿದ್ದಲು ಧಾರಾಳ, ದೊಡ್ಡ ಪ್ರಿಂಟಿಗೆ ಸಾಲದು. ಲ್ಯಾಬಿನಲ್ಲಿ 12x36 ಇಂಚಿನ ಹಾಳೆ ಕೆಟ್ಟರೆ ಅದನ್ನೂ ವಾಪಸ್ ಕೇಳಿ. ಫೋಟೊ ಪೇಪರ್ ಯಾರೂ ಪೊಟ್ಟಣ ಕಟ್ಟುವುದಿಲ್ಲ, ಆದರೆ ಬಾಂಡ್ ಪೇಪರಿನ ಪ್ರೂಫ್ ರದ್ದಿಗೆ ಬಿದ್ದರೆ ಮಂಡಕ್ಕಿ-ಮೆಣಸಿನಕಾಯಿ ಸುತ್ತಿಕೊಂಡು ಊರೆಲ್ಲ ತಿರುಗಬಹುದು.

ಕಲ್ಯಾಣ ಮಂಟಪದ ಬಾಗಿಲಲ್ಲಿ ಕ್ಯುಆರ್ ಕೋಡ್ ನಿಲ್ಲಿಸಿ, ಸೆಲ್ಫಿ ತೋರಿಸಿದರೆ ನಿಮ್ಮ ಫೋಟೊಗಳೆಲ್ಲ ಸಿಗುವ ವ್ಯವಸ್ಥೆ ಈಗ ಇಲ್ಲಿಗೂ ಬಂದಿದೆ. ಅನುಕೂಲವೇನೋ ಹೌದು. ಆದರೆ ಸೆಲ್ಫಿಯ ಬದಲು ಮೊಬೈಲಿನಲ್ಲಿರುವ ಯಾವುದೋ ಫೋಟೊ ಹಾಕಲು ಬಿಡುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ಬಿಟ್ಟರೆ, ಯಾರ ಮುಖ ತೋರಿಸಿಯೂ ಅವರ ಫೋಟೊ ತೆರೆಯಬಹುದು. ಮಕ್ಕಳ ಮತ್ತು ಹೆಂಗಸರ ಭಾಗದ ಫೋಟೊ ಆ ಗ್ಯಾಲರಿಗೆ ಏರಲೇಬಾರದು. ಡ್ರೈವ್ ಲಿಂಕಾದರೆ 'ಲಿಂಕ್ ಇರುವ ಯಾರಾದರೂ' ಎಂಬುದನ್ನು ಬಿಟ್ಟು ಇಮೇಲ್ ಹೆಸರಿಸಿಯೇ ಕೊಡಿ. ಯೂಟ್ಯೂಬಿನ 'ಅನ್‌ಲಿಸ್ಟೆಡ್' ಲೈವ್ ಗುಟ್ಟಲ್ಲ, ಲಿಂಕ್ ಸಿಕ್ಕವರೆಲ್ಲ ನೋಡಬಹುದು; ಬೀಗರ ಊಟದ ದಿನವೇ ಅದನ್ನು 'ಪ್ರೈವೇಟ್' ಮಾಡಿಬಿಡಿ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ನೋಡುತ್ತದೆ, ಅವರ ವಿಷಯಕ್ಕೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಹಾಗಾಗಿ ನೆಂಟರ ಮಗುವಿನ ಮುದ್ದಾದ ಫೋಟೊ ಸ್ಟುಡಿಯೊ ಪುಟಕ್ಕೆ ಬೇಕಾದರೆ "ಇದನ್ನ ಹಾಕಬಹುದೇನಮ್ಮಾ?" ಎಂದು ಕೇಳಬೇಕಾದ್ದು ಆ ಮಗುವಿನ ತಾಯಿಯನ್ನು, ಮದುವೆ ಯಜಮಾನರನ್ನಲ್ಲ.

ಅಳಿಸುವ ದಿನ ಕೇವಲ ಫೋಲ್ಡರ್ ತೆಗೆದರೆ ಆಗುವುದಿಲ್ಲ. ಲೈಟ್‌ರೂಮಿನ ಪ್ರಿವ್ಯೂ ಕಡತ, ವಿಡಿಯೊ ಎಡಿಟ್ ಮಾಡುವ ಪ್ರೀಮಿಯರಿನ ಮೀಡಿಯಾ ಕ್ಯಾಶ್ (ಅದು ಇಟ್ಟುಕೊಳ್ಳುವ ತಾತ್ಕಾಲಿಕ ಫೈಲುಗಳು), ಡ್ರೈವಿನ ಟ್ರ್ಯಾಶ್ (ಅಲ್ಲಿ 30 ದಿನ ಉಳಿಯುತ್ತದೆ), ಮೊಬೈಲಿನ 'ಇತ್ತೀಚೆಗೆ ಅಳಿಸಿದ' ಪಟ್ಟಿ, ಎಡಿಟರ್‌ಗೆ ಕಳಿಸಿದ ಪೆನ್‌ಡ್ರೈವ್, ಡಿಸೈನರ್ ಹತ್ತಿರದ ಫೋಟೊಶಾಪಿನ ಪಿಎಸ್‌ಡಿ ಫೈಲುಗಳು, ಲ್ಯಾಬಿಗೆ ಅಪ್‌ಲೋಡ್ ಮಾಡಿದ ಪುಟಗಳು. ಈ ಏಳನ್ನೂ ಒಂದು ಹಾಳೆಯಲ್ಲಿ ಬರೆದು, ಒಂದೊಂದರ ಮುಂದೆ ಅಳಿಸುವ ತಾರೀಖು ಹಾಕಿ, ಡಿಸ್ಕಿನ ಜೊತೆಗೆ ಆ ಹಾಳೆಯನ್ನೂ ಮದುವೆ ಮನೆಯವರ ಕೈಗೆ ಕೊಟ್ಟು ಸಹಿ ತಗೊಳ್ಳಬೇಕು. ಡಿಸ್ಕ್ ಕೊಟ್ಟ ಮೇಲೆ ಮನೆಯವರು ತೆರೆದು ನೋಡಿ, ಎಲ್ಲ ಇದೆ ಎಂದು ಹೇಳಲು 30 ದಿನ ಕಾಲಾವಕಾಶ. ಅದು ಮುಗಿಯುವವರೆಗೆ ಸ್ಟುಡಿಯೊದ ಪ್ರತಿ ಮುಟ್ಟಬೇಡಿ.